ಡಾಲರ್ ಹಡಗು, ರೂಪಾಯಿ ಪ್ರಯಾಣಿಕ

2025ರ ಡಿಸೆಂಬರ್ ಮೊದಲ ವಾರದಲ್ಲಿ ಒಂದು ಡಾಲರಿನ ಬೆಲೆ ಮೊದಲ ಬಾರಿಗೆ 90 ರೂಪಾಯಿ ದಾಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದು 85ರ ಆಸುಪಾಸಿನಲ್ಲಿತ್ತು. ರಫ್ತು ಮಾಡುವವರಿಗೆ ಲಾಭವೇ, ಪೆಟ್ರೋಲ್ ತುಟ್ಟಿಯಾಗುತ್ತದೆಯೇ, ಅಮೆರಿಕದಲ್ಲಿ ಓದುವ ಮಕ್ಕಳ ಫೀಸು ಎಷ್ಟು ಏರುತ್ತದೆ ಎಂಬ ಚರ್ಚೆ ಎಲ್ಲ ಕಡೆ ನಡೆಯಿತು. ಆ ಚರ್ಚೆಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಒಂದು ವರ್ಗವೂ ಇತ್ತು. ಬೇಸಿಗೆ ರಜೆಗೆಂದು ಸಿಂಗಪುರದಿಂದಲೋ ಬಾರ್ಸಿಲೋನಾದಿಂದಲೋ ಮಯಾಮಿಯಿಂದಲೋ ಹೊರಡುವ ಕ್ರೂಸ್ ಹಡಗಿನಲ್ಲಿ ಕ್ಯಾಬಿನ್ ಕಾದಿರಿಸಿ, ಮುಂಗಡ ಕಟ್ಟಿ, ಬಾಕಿ ಹಣ ಹೊಂದಿಸುತ್ತಿದ್ದ ಕುಟುಂಬಗಳು ಅವು. ಅವರ ಪಾಲಿಗೆ ಹಡಗು ಬದಲಾಗಿರಲಿಲ್ಲ. ಕ್ಯಾಬಿನ್ ಅದೇ, ಬಂದರುಗಳು ಅವೇ, ಹೊರಡುವ ದಿನವೂ ಅದೇ. ಕಟ್ಟಬೇಕಾದ ರೂಪಾಯಿ ಮಾತ್ರ ವಾರವಾರಕ್ಕೂ ಬೆಳೆಯುತ್ತಿತ್ತು.

ಇದು ಉಳ್ಳವರ ಸಣ್ಣ ತೊಂದರೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಈ ಸಣ್ಣ ತೊಂದರೆಯೊಳಗೆ ದೊಡ್ಡದೊಂದು ಪ್ರಶ್ನೆ ಅಡಗಿದೆ. ಒಂದು ದೇಶದ ಹಣದ ಮೌಲ್ಯ ಇಳಿದಾಗ ಆ ನಷ್ಟವನ್ನು ಯಾರಾದರೂ ಹೊರಲೇಬೇಕು. ಯಾರು ಹೊರಬೇಕು ಎಂಬುದನ್ನು ಮಾರುಕಟ್ಟೆಯಾಗಲಿ ವಿಧಿಯಾಗಲಿ ತೀರ್ಮಾನಿಸುವುದಿಲ್ಲ. ಮಾರುವವರು ಬರೆದು, ಕೊಳ್ಳುವವರು ಓದದೆ ಸಹಿ ಹಾಕುವ ಕರಾರು ತೀರ್ಮಾನಿಸುತ್ತದೆ. ವಿದೇಶಿ ಕ್ರೂಸ್ ಪ್ರವಾಸದ ವ್ಯವಹಾರದಲ್ಲಿ ಇಂದು ಆ ಭಾರ ಬೀಳುತ್ತಿರುವುದು ಅದನ್ನು ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವ ಪ್ರಯಾಣಿಕನ ಮೇಲೆ. ಇದು ನ್ಯಾಯವಲ್ಲ, ಬದಲಾಯಿಸಲು ಸಾಧ್ಯವಿದೆ ಎಂಬುದು ನನ್ನ ವಾದ.

ಮೊದಲು, ಬೇರೆ ರಜೆಗಳಿಗಿಂತ ಕ್ರೂಸ್ ರಜೆಗೆ ರೂಪಾಯಿಯ ಪೆಟ್ಟು ಯಾಕೆ ಹೆಚ್ಚು ಎಂಬುದನ್ನು ನೋಡಬೇಕು. ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ಅಡುಗೆಯವರ ಸಂಬಳ ರೂಪಾಯಿಯಲ್ಲಿ, ತರಕಾರಿ ರೂಪಾಯಿಯಲ್ಲಿ, ವಿದ್ಯುತ್ ಬಿಲ್ ರೂಪಾಯಿಯಲ್ಲಿ. ಡಾಲರ್ ಏರಿದರೆ ಡೀಸೆಲ್ ಮೂಲಕ ಒಂದಿಷ್ಟು ಬಿಸಿ ತಟ್ಟೀತು, ಅಷ್ಟೆ. ಕ್ರೂಸ್ ಹಡಗು ಹಾಗಲ್ಲ. ಅದನ್ನು ಕಟ್ಟುವುದು ಜರ್ಮನಿಯ ಪಾಪೆನ್‌ಬರ್ಗ್, ಇಟಲಿಯ ಮೊನ್‌ಫಾಲ್ಕೊನೆ, ಫ್ರಾನ್ಸಿನ ಸೇಂಟ್ ನಜೇರ್, ಫಿನ್ಲೆಂಡಿನ ತುರ್ಕುವಿನಂಥ ಕೆಲವೇ ಹಡಗುಕಟ್ಟೆಗಳಲ್ಲಿ; ಹಣ ಕೊಡುವುದು ಹೆಚ್ಚಾಗಿ ಯೂರೋದಲ್ಲಿ. ಇಂಧನಕ್ಕೆ ಡಾಲರ್. ಸಿಬ್ಬಂದಿಯ ಸಂಬಳ ಬಹುಪಾಲು ಡಾಲರಿನಲ್ಲಿ. ಬಂದರು ಶುಲ್ಕ ಆಯಾ ದೇಶದ ಹಣದಲ್ಲಿ. ಲೋಕದ ಅತಿದೊಡ್ಡ ಕ್ರೂಸ್ ಕಂಪನಿ ಕಾರ್ನಿವಲ್‌ನ ಮುಖ್ಯ ಕಚೇರಿ ಮಯಾಮಿಯಲ್ಲಿದ್ದರೂ ನೋಂದಣಿ ನಡೆದದ್ದು ಪನಾಮಾದಲ್ಲಿ. ರಾಯಲ್ ಕೆರಿಬಿಯನ್ ನೋಂದಣಿ ಲೈಬೀರಿಯಾದಲ್ಲಿ. ಹಡಗುಗಳ ಮೇಲೆ ಹಾರುವುದು ಬಹಾಮಾಸ್, ಬರ್ಮುಡಾ, ಮಾಲ್ಟಾ, ಪನಾಮಾಗಳ ಬಾವುಟ. ಈ ಉದ್ಯಮದ ಲೆಕ್ಕಪುಸ್ತಕದಲ್ಲಿ ರೂಪಾಯಿಗೆ ಜಾಗವೇ ಇಲ್ಲ. ವಿದೇಶಿ ಹಡಗು ಮುಂಬೈ ಬಂದರಿಗೆ ಬಂದು ನಿಂತರೂ ಅದರೊಳಗೆ ಚಲಾವಣೆಯಲ್ಲಿರುವುದು ಡಾಲರ್ ಅಥವಾ ಯೂರೋ.

ಹಾಗಾಗಿ ವಿನಿಮಯ ದರ ಈ ಪ್ರವಾಸವನ್ನು ಒಂದೇ ಸಲ ಮುಟ್ಟಿ ಬಿಡುವುದಿಲ್ಲ. ಕಾದಿರಿಸುವಾಗ ಮುಂಗಡ, ಹೊರಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ತಿಂಗಳು ಇರುವಾಗ ಬಾಕಿ, ಹತ್ತುವ ಬಂದರಿಗೆ ಹೋಗಲು ವಿಮಾನ, ಹಡಗಿನೊಳಗಿನ ಖರ್ಚು, ಮರಳಿದ ಮೇಲೆ ಬರುವ ಕ್ರೆಡಿಟ್ ಕಾರ್ಡ್ ಬಿಲ್ – ಹೀಗೆ ಒಂದೇ ಪ್ರವಾಸದಲ್ಲಿ ಅದು ಐದು ಬಾರಿ ಎದುರಾಗುತ್ತದೆ. ಐದೂ ದಿನ ದರ ಬೇರೆ ಬೇರೆ ಇರಬಹುದು.

ಒಂದು ಕಲ್ಪಿತ ಲೆಕ್ಕ ಹಾಕೋಣ. ನಾಲ್ವರ ಕುಟುಂಬ, ಏಳು ರಾತ್ರಿ, ಬಂದರು ಶುಲ್ಕ ಸೇರಿ ಟಿಕೆಟ್ 4,000 ಡಾಲರ್. ಏಜೆಂಟರ ಕಚೇರಿಯಲ್ಲಿ ಕುಳಿತಾಗ ಡಾಲರಿಗೆ 85 ರೂಪಾಯಿ. ಮನಸ್ಸಿನಲ್ಲಿ ಕೂರುವ ಮೊತ್ತ 3 ಲಕ್ಷ 40 ಸಾವಿರ. 1,000 ಡಾಲರ್ ಮುಂಗಡಕ್ಕೆ 85 ಸಾವಿರ ಕಟ್ಟುತ್ತಾರೆ. ಬಾಕಿ ಕಟ್ಟುವ ಹೊತ್ತಿಗೆ ದರ 90 ಆಗಿದ್ದರೆ ಉಳಿದ 3,000 ಡಾಲರಿಗೆ 2 ಲಕ್ಷ 55 ಸಾವಿರದ ಬದಲು 2 ಲಕ್ಷ 70 ಸಾವಿರ. ಹಡಗು ಹತ್ತಿದ ಮೇಲೆ ಸೇವಾ ಶುಲ್ಕ ಶುರುವಾಗುತ್ತದೆ. ಗ್ರಾಚ್ಯುಟಿ ಎಂಬ ಹೆಸರಿನಲ್ಲಿ ಅಮೆರಿಕದ ದೊಡ್ಡ ಕಂಪನಿಗಳು ತಲೆಗೆ ದಿನಕ್ಕೆ 16ರಿಂದ 20 ಡಾಲರ್ ತಾವಾಗಿಯೇ ಖಾತೆಗೆ ಹಾಕುತ್ತವೆ. ಪುಟ್ಟ ಮಗುವೂ ಒಂದು ತಲೆಯೇ ಎಂದಾದರೆ 16 ಡಾಲರ್ ಲೆಕ್ಕದಲ್ಲೂ ನಾಲ್ವರಿಗೆ ಏಳು ದಿನಕ್ಕೆ 448 ಡಾಲರ್. ವೈಫೈ, ಪಾನೀಯ, ದಡದ ಪ್ರವಾಸಗಳಿಗೆ ಇನ್ನೊಂದು 800 ಡಾಲರ್ ಎಂದಿಟ್ಟುಕೊಳ್ಳಿ. ಒಟ್ಟು 1,248 ಡಾಲರ್. 90ರ ದರದಲ್ಲಿ 1 ಲಕ್ಷ 12 ಸಾವಿರದ 320 ರೂಪಾಯಿ. ಇದನ್ನು ಇಲ್ಲಿನ ಕ್ರೆಡಿಟ್ ಕಾರ್ಡಿನಿಂದ ಕೊಟ್ಟರೆ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕವಾಗಿ ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಹಿಡಿಯುತ್ತದೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಗರಿಷ್ಠ ಲೆಕ್ಕದಲ್ಲಿ ಇನ್ನೂ ನಾಲ್ಕೂವರೆ ಸಾವಿರ ದಾಟಿತು. ವಿಮಾನದ ಟಿಕೆಟ್ ಬಿಟ್ಟು, ಒಟ್ಟು ಖರ್ಚು ಸುಮಾರು 4 ಲಕ್ಷ 72 ಸಾವಿರ.

ಈ ಲೆಕ್ಕದಲ್ಲಿ ರೂಪಾಯಿ ಕುಸಿತದಿಂದಲೇ ಆದ ಹೆಚ್ಚಳ ಸುಮಾರು 21 ಸಾವಿರ ಮಾತ್ರ. ಉಳಿದ ಲಕ್ಷದ ಚಿಲ್ಲರೆ ಆರಂಭದಲ್ಲೇ ಇದ್ದದ್ದು, ಆದರೆ ಯಾರೂ ಒಟ್ಟಿಗೆ ಕೂಡಿಸಿ ತೋರಿಸದೇ ಇದ್ದದ್ದು. ಹಾಗೆಂದು ಕುಸಿತದ ಪಾತ್ರ ಚಿಕ್ಕದು ಎಂದುಕೊಳ್ಳಬಾರದು. ಕಣ್ಣಿಗೆ ಕಾಣುವ ಟಿಕೆಟಿನ ಮೇಲಷ್ಟೇ ಅಲ್ಲದೆ ಕಾಣದ ಪ್ರತಿಯೊಂದು ಖರ್ಚಿನ ಮೇಲೂ ಅದು ಕೂತುಕೊಳ್ಳುತ್ತದೆ. ಯಾವುದು ಕಂಪನಿಯ ಶುಲ್ಕ, ಯಾವುದು ಏಜೆಂಟರ ಲಾಭ, ಯಾವುದು ಬ್ಯಾಂಕಿನ ಪಾಲು, ಯಾವುದು ರೂಪಾಯಿಯ ಇಳಿತ ಎಂದು ಬಿಡಿಸಿ ನೋಡಲಾಗದಂತೆ ಎಲ್ಲವೂ ಒಂದರೊಳಗೊಂದು ಬೆರೆತುಹೋಗುತ್ತವೆ. ಕೊನೆಗೆ "ಡಾಲರ್ ಜಾಸ್ತಿಯಾಯಿತಲ್ಲ ಸಾರ್" ಎಂಬ ಒಂದು ಮಾತು ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬೆಲೆಯ ಅಸ್ಪಷ್ಟತೆಗೆ ಕುಸಿಯುವ ರೂಪಾಯಿಗಿಂತ ಒಳ್ಳೆಯ ಹೊದಿಕೆ ಬೇರೆ ಸಿಗುವುದಿಲ್ಲ.

ಡಾಲರನ್ನಷ್ಟೇ ನೋಡುತ್ತಾ ಕೂರುವುದೂ ನಮ್ಮನ್ನು ದಾರಿ ತಪ್ಪಿಸುತ್ತದೆ. 2025ರ ಆರಂಭದಲ್ಲಿ ಒಂದು ಯೂರೋ ಸುಮಾರು 89–90 ರೂಪಾಯಿಗೆ ಸಿಗುತ್ತಿತ್ತು. ವರ್ಷದ ಕೊನೆಗೆ 105ರ ಆಸುಪಾಸು. ಡಾಲರಿನ ಎದುರು ರೂಪಾಯಿ ಶೇ 5ರಷ್ಟು ಸೋತ ವರ್ಷದಲ್ಲಿ ಯೂರೋದ ಎದುರು ಅದರ ಮೂರು ಪಟ್ಟು ಸೋತಿತ್ತು. ಮೆಡಿಟರೇನಿಯನ್ ಸಮುದ್ರದಲ್ಲಿ ಓಡುವ ಎಂಎಸ್‌ಸಿ, ಕೋಸ್ಟಾ ಹಡಗುಗಳಲ್ಲಿ ಖರ್ಚು ಯೂರೋದಲ್ಲಿ. ಅಲ್ಲಿಗೆ ಟಿಕೆಟ್ ಕಾದಿರಿಸಿದವರು ದಿನವೂ ಡಾಲರ್ ದರ ನೋಡಿ ಸಮಾಧಾನಪಟ್ಟುಕೊಂಡಿದ್ದರೆ ಅವರಿಗೆ ಬಿದ್ದ ಪೆಟ್ಟು ಗೊತ್ತಾಗಿದ್ದೇ ಬಾಕಿ ಕಟ್ಟುವ ದಿನ. ಸಿಂಗಪುರದ ಕಥೆಯೂ ಅದೇ ಬಗೆಯದು. 2022ರ ಆರಂಭದಲ್ಲಿ 55 ರೂಪಾಯಿಯ ಆಸುಪಾಸಿನಲ್ಲಿದ್ದ ಸಿಂಗಪುರ ಡಾಲರ್ 2025ರ ಕೊನೆಗೆ 70ರ ಹತ್ತಿರ ಬಂದಿತ್ತು. ಬೆಂಗಳೂರಿನಿಂದ ನಾಲ್ಕೂವರೆ ತಾಸಿನ ವಿಮಾನ ಪ್ರಯಾಣ, ಮೂರು ನಾಲ್ಕು ರಾತ್ರಿಯ ಹಡಗು, ಮಕ್ಕಳಿಗೂ ಇಷ್ಟ ಎಂದು ನಮ್ಮ ಮಧ್ಯಮ ವರ್ಗ ಆರಿಸಿಕೊಂಡ ಮೊದಲ ಕ್ರೂಸ್ ಅದೇ. ಟಿಕೆಟಿನ ಬೆಲೆ ಅಲ್ಲಿನ ಹಣದಲ್ಲಿ ಒಂದು ಸೆಂಟೂ ಏರದಿದ್ದರೂ ನಮಗದು ನಾಲ್ಕು ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದುಬಾರಿಯಾಯಿತು.

ಇನ್ನೊಂದು ಸೂಕ್ಷ್ಮವಿದೆ. ನೆಲದ ಮೇಲೆ ಪ್ರವಾಸ ಮಾಡುವವರು ನಮಗಿಂತ ದುರ್ಬಲ ಹಣವಿರುವ ದೇಶವನ್ನು ಆರಿಸಿಕೊಂಡು ನಷ್ಟವನ್ನು ಒಂದಿಷ್ಟು ತುಂಬಿಕೊಳ್ಳಬಹುದು. 2021ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು ಏಳು ಟರ್ಕಿಶ್ ಲಿರಾ ಸಿಗುತ್ತಿತ್ತು. 2025ರ ಕೊನೆಗೆ 42 ದಾಟಿತ್ತು. ಅಲ್ಲಿಯ ಹಣದುಬ್ಬರ ಈ ಅನುಕೂಲದ ದೊಡ್ಡ ಪಾಲನ್ನು ತಿಂದುಹಾಕಿತು ನಿಜ. ಆದರೂ ದರ ನೋಡಿ, ಹೊತ್ತು ನೋಡಿ, ಇಸ್ತಾಂಬುಲ್‌ನ ಹೋಟೆಲು, ಊಟ, ಬಸ್ಸುಗಳ ನಡುವೆ ಆಯ್ಕೆ ಮಾಡಿಕೊಳ್ಳುವ ಸ್ವಾತಂತ್ರ್ಯ ನೆಲದ ಪ್ರವಾಸಿಗಿದೆ. ಅದೇ ಊರಿನ ಗಲಾಟಾಪೋರ್ಟ್ ಟರ್ಮಿನಲ್‌ನಲ್ಲಿ ಕ್ರೂಸ್ ಹಡಗಿನಿಂದ ಇಳಿಯುವವರ ಪಾಲಿಗೆ ಟರ್ಕಿ ಎಂದರೆ ಎಂಟೋ ಹತ್ತೋ ತಾಸು. ಮಲಗುವುದು, ಉಣ್ಣುವುದು, ಕುಡಿಯುವುದೆಲ್ಲ ಡಾಲರ್ ಅಥವಾ ಯೂರೋದ ನೆಲದಲ್ಲೇ.

ನಮ್ಮ ಕರಾವಳಿಯಿಂದ ನೋಡಿದರೆ ಈ ಅಸಮತೋಲನ ಇನ್ನೂ ಚೆನ್ನಾಗಿ ಕಾಣುತ್ತದೆ. ನವ ಮಂಗಳೂರು ಬಂದರಿಗೆ ಮಳೆಗಾಲ ಮುಗಿದ ಮೇಲೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದ ಪ್ರವಾಸಿಗರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಲೋಷಿಯಸ್ ಚಾಪೆಲ್, ಕದ್ರಿ ದೇವಸ್ಥಾನ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಈ ದಡದ ಪ್ರವಾಸವನ್ನು ಹಡಗಿನೊಳಗೆ ಮಾರುವುದು ವಿದೇಶಿ ಹಣದಲ್ಲಿ. ಇಲ್ಲಿ ಬಸ್ ಚಾಲಕನಿಗೆ, ಮಾರ್ಗದರ್ಶಿಗೆ, ಊಟದ ಹೋಟೆಲಿಗೆ ಸಲ್ಲುವುದು ರೂಪಾಯಿಯಲ್ಲಿ. ರೂಪಾಯಿ ಇಳಿದರೆ ಡಾಲರ್ ಲೆಕ್ಕದಲ್ಲಿ ಇಲ್ಲಿಯ ಖರ್ಚು ಇಳಿಯುತ್ತದೆ. ಆದರೆ ಹಡಗಿನಲ್ಲಿ ಮೊದಲೇ ಮುದ್ರಿಸಿಟ್ಟ ಡಾಲರ್ ಬೆಲೆ ಇಳಿಯಲೇಬೇಕೆಂದೇನಿಲ್ಲ. ಪ್ರಯಾಣಿಕನ ಹಣ ದುರ್ಬಲವಾದಾಗ ನಷ್ಟ ಪ್ರಯಾಣಿಕನದು. ಬಂದರಿನ ಊರಿನ ಹಣ ದುರ್ಬಲವಾದಾಗ ಲಾಭ ಮಧ್ಯದವರದು. ದರ ಎರಡೂ ಕಡೆ ಆಡುತ್ತದೆ, ಅದರ ಫಲ ಮಾತ್ರ ಒಂದೇ ಕಡೆಗೆ ಹರಿಯುತ್ತದೆ.

ಹಾಗೆಂದು ರೂಪಾಯಿ ಕುಸಿತವನ್ನೇ ಕೇಡಿನ ಮೂಲ ಎಂದು ಬಗೆಯುವುದನ್ನು ನಾನು ಒಪ್ಪುವುದಿಲ್ಲ. ಇದೇ ಹಡಗುಗಳ ಅಡುಗೆಮನೆಯಲ್ಲಿ, ಎಂಜಿನ್ ಕೋಣೆಯಲ್ಲಿ, ಕ್ಯಾಬಿನ್‌ಗಳಲ್ಲಿ ಗೋವಾ ಮತ್ತು ಮಂಗಳೂರು ಕಡೆಯ ಯುವಕರು ದುಡಿಯುತ್ತಾರೆ. ಗೋವಾದಲ್ಲಿ ಹಡಗಿಗೆ ಹೋಗುವವರನ್ನು ತಾರ್ವೊಟ್ಟಿ ಎಂದು ಕರೆಯುತ್ತಾರೆ. ಊರಿಗೆ ಊರೇ ಆ ದುಡಿಮೆಯ ಮೇಲೆ ಮನೆ ಕಟ್ಟಿಕೊಂಡ ಉದಾಹರಣೆಗಳಿವೆ. ಡಾಲರಿನಲ್ಲಿ ಬರುವ ಅವರ ಸಂಬಳ ರೂಪಾಯಿ ಇಳಿದಾಗ ಮನೆಯಲ್ಲಿ ಹೆಚ್ಚಾಗಿ ಕೈಸೇರುತ್ತದೆ. ಅದೇ ಹಡಗಿನ ಮೇಲಿನ ಅಂತಸ್ತಿನಲ್ಲಿ ರಜೆ ಕಳೆಯುವ ಬೆಂಗಳೂರಿನ ಕುಟುಂಬ ಕಳೆದುಕೊಂಡದ್ದರ ಒಂದು ಪಾಲು ಕೆಳಗಿನ ಅಂತಸ್ತಿನ ಉಳ್ಳಾಲದ ಹುಡುಗನ ತಾಯಿಗೆ ತಲುಪುತ್ತದೆ ಎಂದರೆ ತಪ್ಪಾಗಲಾರದು. 1993ರ ಮಾರ್ಚ್‌ನಿಂದ ನಮ್ಮ ವಿನಿಮಯ ದರವನ್ನು ಮಾರುಕಟ್ಟೆ ನಿರ್ಧರಿಸುತ್ತದೆ. ರಿಸರ್ವ್ ಬ್ಯಾಂಕ್ ಏರುಪೇರು ಅತಿಯಾಗದಂತೆ ನೋಡಿಕೊಳ್ಳುತ್ತದೆ. 2025ರಲ್ಲಿ ವಿದೇಶಿ ಹೂಡಿಕೆದಾರರು ಹಣ ಹಿಂದಕ್ಕೆ ತೆಗೆದದ್ದು, ಆಗಸ್ಟ್ ಕೊನೆಯಲ್ಲಿ ಅಮೆರಿಕ ನಮ್ಮ ಅನೇಕ ಸರಕುಗಳ ಮೇಲೆ ಶೇ 50 ಸುಂಕ ಹೇರಿದ್ದು, ಆಮದಿನ ಹೊರೆ ಎಲ್ಲವೂ ಸೇರಿ ರೂಪಾಯಿ ಇಳಿಯಿತು. ಪ್ರವಾಸಿಗರ ಅನುಕೂಲಕ್ಕೆಂದು ದೇಶದ ಹಣವನ್ನು ಕೃತಕವಾಗಿ ಎತ್ತಿ ಹಿಡಿಯಬೇಕೆಂದು ಕೇಳುವುದು ಜವಾಬ್ದಾರಿಯ ಮಾತಲ್ಲ. ದರ ಇಳಿಯಲಿ, ಏರಲಿ. ಆ ಏರಿಳಿತದ ಅಪಾಯ ಹಂಚಿಕೆಯಾಗುವ ರೀತಿ ನ್ಯಾಯವಾಗಿರಲಿ ಎಂದು ಮಾತ್ರ ಕೇಳಬೇಕು.

ಈಗಿನ ಹಂಚಿಕೆ ಹೇಗಿದೆ? ನಮ್ಮಲ್ಲಿ ವಿದೇಶ ಪ್ರವಾಸದ ಜಾಹೀರಾತಿನಲ್ಲಿ ಬೆಲೆಯನ್ನು ಎರಡು ತುಂಡಾಗಿ ಬರೆಯುವ ರೂಢಿ ಇದೆ. ಇಷ್ಟು ರೂಪಾಯಿ, ಜೊತೆಗೆ ಇಷ್ಟು ಡಾಲರ್ ಅಥವಾ ಯೂರೋ. ಕೆಳಗೆ ಸಣ್ಣ ಅಕ್ಷರದಲ್ಲಿ, ಹಣ ಕಟ್ಟುವ ದಿನದ ವಿನಿಮಯ ದರ ಅನ್ವಯ. ಆ ದರ ಯಾರದು – ಅಧಿಕೃತ ಉಲ್ಲೇಖ ದರವೇ, ಯಾವುದೋ ಬ್ಯಾಂಕಿನ ಮಾರಾಟ ದರವೇ, ಏಜೆಂಟರು ತಾವೇ ಕಟ್ಟಿದ ದರವೇ – ಎಂಬುದು ಅನೇಕ ಸಲ ಸ್ಪಷ್ಟವಿರುವುದಿಲ್ಲ. ಹಡಗು ಕಂಪನಿಗಳ ಬಳಿ ಹಣಕಾಸು ತಜ್ಞರ ತಂಡವಿದೆ. ಹಡಗು ಕಟ್ಟಿಸುವ ಯೂರೋ ಕರಾರುಗಳಿಗೆ, ಇಂಧನಕ್ಕೆ ಅವುಗಳಲ್ಲಿ ಹಲವು ಮುಂಗಡ ಒಪ್ಪಂದ ಮಾಡಿಕೊಂಡು ತಮ್ಮ ಅಪಾಯವನ್ನು ಕಟ್ಟಿಹಾಕುತ್ತವೆ. ದೊಡ್ಡ ಪ್ರವಾಸ ಕಂಪನಿಗಳಿಗೂ ಬ್ಯಾಂಕಿನಲ್ಲಿ ಆ ಸೌಲಭ್ಯವಿದೆ. ಈ ಸರಪಳಿಯಲ್ಲಿ ಅಂಥ ಯಾವ ಸಾಧನವೂ ಇಲ್ಲದವನು ಒಬ್ಬನೇ, ಟಿಕೆಟ್ ಕೊಳ್ಳುವವನು. ಕೊನೆಗೆ ಪೂರ್ತಿ ಅಪಾಯ ಅವನ ಹೆಗಲಿಗೆ. ಸಂತೆಯಲ್ಲಿ ತೂಗಿ ಕೊಟ್ಟ ಅಕ್ಕಿಗೆ, ಆಮೇಲೆ ದರ ಏರಿತೆಂದು ಮನೆ ಬಾಗಿಲಿಗೆ ಬಂದು ಹೆಚ್ಚುವರಿ ಹಣ ಕೇಳಿದರೆ ನಾವು ಒಪ್ಪುತ್ತೇವೆಯೇ?

ಬೇರೆ ದಾರಿ ಇಲ್ಲ ಎನ್ನುವವರಿಗೆ ನಮ್ಮ ವಿಮಾನಯಾನವೇ ಉತ್ತರ. ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗುವ ವಿಮಾನದ ಬಾಡಿಗೆ, ದುರಸ್ತಿ, ಇಂಧನದ ಮೂಲ ಬೆಲೆ ಎಲ್ಲವೂ ಡಾಲರಿಗೆ ಕಟ್ಟುಬಿದ್ದವು. ಆದರೂ ಟಿಕೆಟ್ ಇಲ್ಲಿ ರೂಪಾಯಿಯಲ್ಲಿ, ತೆರಿಗೆ ಶುಲ್ಕ ಎಲ್ಲ ಸೇರಿದ ಒಟ್ಟು ಬೆಲೆಗೆ ಸಿಗುತ್ತದೆ. ಒಮ್ಮೆ ಕೊಂಡ ಮೇಲೆ ಡಾಲರ್ ಏರಿತೆಂದು ಯಾರೂ ಫೋನ್ ಮಾಡಿ ವ್ಯತ್ಯಾಸ ಕೇಳುವುದಿಲ್ಲ. 2025ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಇಂಡಿಗೊ ಸುಮಾರು 2,580 ಕೋಟಿ ರೂಪಾಯಿ ನಷ್ಟ ತೋರಿಸಿತು. ಅದಕ್ಕೆ ಮುಖ್ಯ ಕಾರಣ ರೂಪಾಯಿಯ ಇಳಿತ. ಆ ನಷ್ಟ ಕಂಪನಿಯ ಲೆಕ್ಕಪುಸ್ತಕಕ್ಕೆ ಹೋಯಿತು, ಆಗಲೇ ಟಿಕೆಟ್ ಕೊಂಡಿದ್ದ ಪ್ರಯಾಣಿಕರ ಮನೆಗೆ ಬರಲಿಲ್ಲ. ಮುಂದಿನ ಟಿಕೆಟುಗಳ ಬೆಲೆಯಲ್ಲಿ ಅದು ಸೇರಬಹುದು, ಸೇರಲಿ. ಆಗ ಕೊಳ್ಳುವವನಿಗೆ ಕೊಳ್ಳುವ ಮುನ್ನವೇ ಬೆಲೆ ಗೊತ್ತಿರುತ್ತದೆ. 2021ರ ಸೆಪ್ಟೆಂಬರಿನಿಂದ ಮುಂಬೈನಿಂದ ಗೋವಾ, ಲಕ್ಷದ್ವೀಪಗಳಿಗೆ ಹಡಗು ಓಡಿಸುತ್ತಿರುವ ಕಾರ್ಡೀಲಿಯಾ ಕೂಡ ರೂಪಾಯಿಯಲ್ಲೇ ಟಿಕೆಟ್ ಮಾರುತ್ತದೆ. ಡಾಲರಿನ ಖರ್ಚಿದ್ದೂ ರೂಪಾಯಿಯ ಬೆಲೆ ಹೇಳಲು ಸಾಧ್ಯ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಬ್ರಿಟನ್ನಿನ ಅನುಭವವೂ ಕಲಿಸುತ್ತದೆ. 2016ರ ಜೂನ್ 23ರಂದು ಐರೋಪ್ಯ ಒಕ್ಕೂಟ ಬಿಡುವ ಜನಮತ ಬಂದ ರಾತ್ರಿಯೇ ಪೌಂಡ್ ಒಂದೂವರೆ ಡಾಲರಿನಿಂದ 1.32ರ ಮಟ್ಟಕ್ಕೆ ಜಾರಿ, 1985ರ ನಂತರದ ಕನಿಷ್ಠ ಕಂಡಿತು. ಸೌತಾಂಪ್ಟನ್ ಬಂದರಿನಿಂದ ಹೊರಡುವ ಪಿ ಆ್ಯಂಡ್ ಒ ಕ್ರೂಸಸ್ ಹಡಗುಗಳಲ್ಲಿ ಟಿಕೆಟ್ಟೂ ಒಳಗಿನ ಖರ್ಚೂ ಪೌಂಡಿನಲ್ಲೇ. ಅದೇ ಬಂದರಿನಿಂದ ಹೊರಡುವ, ಅದೇ ಕಾರ್ನಿವಲ್ ಗುಂಪಿನ ಕ್ಯುನಾರ್ಡ್ ಹಡಗುಗಳಲ್ಲಿ ಟಿಕೆಟ್ ಪೌಂಡಿನಲ್ಲಿ, ಒಳಗಿನ ಖರ್ಚು ಡಾಲರಿನಲ್ಲಿ. ಒಂದು ಹಡಗಿನ ಪ್ರಯಾಣಿಕರ ಚಹಾದ ಬೆಲೆ ಆ ರಾತ್ರಿ ಬದಲಾಗಲಿಲ್ಲ, ಇನ್ನೊಂದು ಹಡಗಿನವರದು ಬದಲಾಯಿತು. ಊರು ಒಂದೇ, ಮಾಲೀಕರೂ ಒಬ್ಬರೇ. ಕರಾರು ಬೇರೆ, ಅದರಿಂದ ಹೊರೆಯೂ ಬೇರೆ. ಯಾವ ಹಣದಲ್ಲಿ ಮಾರಬೇಕು ಎಂಬುದು ಕಂಪನಿಯ ಆಯ್ಕೆ ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಆಯ್ಕೆಯನ್ನು ಕಂಪನಿಗೇ ಬಿಡದೆ ಯೂರೋಪು ಕಾನೂನನ್ನೂ ಮಾಡಿದೆ. ಐರೋಪ್ಯ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ, ಕರಾರಾದ ಮೇಲೆ ಬೆಲೆ ಏರಿಸಲು ಇಂಧನ, ತೆರಿಗೆ ಮತ್ತು ಶುಲ್ಕ, ವಿನಿಮಯ ದರ – ಈ ಮೂರೇ ಕಾರಣಗಳಿವೆ. ಅದೂ ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ. ಏರಿಸುವ ಹಕ್ಕು ಇಟ್ಟುಕೊಂಡವರು ದರ ಇಳಿದಾಗ ಬೆಲೆ ಇಳಿಸುವ ಹೊಣೆಯನ್ನೂ ಹೊರಬೇಕು. ಹೆಚ್ಚಳ ಶೇ 8 ಮೀರಿದರೆ ಪ್ರಯಾಣಿಕ ಶುಲ್ಕವಿಲ್ಲದೆ ಕರಾರು ಮುರಿಯಬಹುದು. ಪ್ರವಾಸಕ್ಕೆ 20 ದಿನಕ್ಕಿಂತ ಕಡಿಮೆ ಇದ್ದಾಗ ಏರಿಸುವಂತೆಯೇ ಇಲ್ಲ. ಬ್ರಿಟನ್ ಒಕ್ಕೂಟ ಬಿಟ್ಟರೂ 2018ರಲ್ಲಿ ಮಾಡಿದ ತನ್ನ ನಿಯಮಗಳಲ್ಲಿ ಇದನ್ನೇ ಉಳಿಸಿಕೊಂಡಿದೆ. ಈ ಕಾನೂನು ಮಾರುವವರನ್ನು ಹಿಂಸಿಸುವುದಿಲ್ಲ. ಸ್ವಲ್ಪ ಏರಿಳಿತ ನಿನ್ನದು, ಅತಿಯಾದದ್ದು ನಿನ್ನದಲ್ಲ, ಏರಿದ್ದಕ್ಕೆ ತೆತ್ತವನು ಇಳಿದದ್ದನ್ನು ಪಡೆಯಬೇಕು ಎಂದು ಪ್ರಯಾಣಿಕನಿಗೆ ಭರವಸೆ ಕೊಡುತ್ತದೆ, ಅಷ್ಟೆ.

ನಮ್ಮಲ್ಲಿ ಏನಾಗಿದೆ ಎಂದು ನೋಡಿದರೆ ಒಂದು ವೈರುಧ್ಯ ಎದ್ದು ಕಾಣುತ್ತದೆ. ಒಂದು ಕಾಲದಲ್ಲಿ ವಿದೇಶಕ್ಕೆ ಹೊರಟವರ ಕೈಗೆ ಎಂಟು ಡಾಲರ್ ಕೊಟ್ಟು ಕಳಿಸುತ್ತಿದ್ದ ದೇಶ ನಮ್ಮದು. 2004ರಲ್ಲಿ ಉದಾರೀಕೃತ ಹಣ ರವಾನೆ ಯೋಜನೆ ಬಂದಾಗ ಮಿತಿ 25 ಸಾವಿರ ಡಾಲರ್. ಈಗ ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ. 2023–24ರಲ್ಲಿ ಈ ಯೋಜನೆಯಡಿ ಭಾರತೀಯರು ಹೊರಗೆ ಕಳಿಸಿದ್ದು ಸುಮಾರು 31.7 ಶತಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರವಾಸಕ್ಕೆ. ಸರ್ಕಾರ ಈ ಹಣದ ಮೇಲೆ ಕಣ್ಣಿಡುವುದರಲ್ಲಿ ಹಿಂದೆ ಬಿದ್ದಿಲ್ಲ. ವಿದೇಶ ಪ್ರವಾಸದ ಪ್ಯಾಕೇಜಿಗೆ 2020ರ ಅಕ್ಟೋಬರಿನಿಂದ ಶೇ 5 ಟಿಸಿಎಸ್, ಅಂದರೆ ಮಾರುವಾಗಲೇ ಸಂಗ್ರಹಿಸುವ ತೆರಿಗೆ, ಬಂತು. 2023ರ ಅಕ್ಟೋಬರಿನಿಂದ 7 ಲಕ್ಷ ಮೀರಿದ ಮೊತ್ತಕ್ಕೆ ಶೇ 20. ಆ ಮಿತಿಯನ್ನು 2025ರಲ್ಲಿ 10 ಲಕ್ಷಕ್ಕೆ ಏರಿಸಲಾಯಿತು. 2026ರ ಬಜೆಟ್ ಎಲ್ಲಕ್ಕೂ ಸೇರಿ ಶೇ 2ಕ್ಕೆ ಇಳಿಸುವುದಾಗಿ ಹೇಳಿತು. ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದ ಹಣವಾದರೂ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ. ಅದು ರೂಪಾಯಿ ಮೊತ್ತದ ಮೇಲಿನ ಲೆಕ್ಕವಾದ್ದರಿಂದ ರೂಪಾಯಿ ಇಳಿದಷ್ಟೂ ಅದೂ ಬೆಳೆಯುತ್ತದೆ. ಕಳಿಸುವ ಮಿತಿ ಬದಲಾಯಿತು, ತೆರಿಗೆಯ ದರ ಮತ್ತೆ ಮತ್ತೆ ಬದಲಾಯಿತು. ಹಣ ತೆತ್ತವನ ಕರಾರಿನ ರಕ್ಷಣೆಗೆ ಯೂರೋಪಿನಲ್ಲಿರುವಂಥ ನಿಯಮ ಮಾತ್ರ ಬರಲಿಲ್ಲ.

ಆಕ್ಷೇಪಗಳನ್ನೂ ಎದುರಿಸಬೇಕು. ಸಣ್ಣ ಏಜೆಂಟರು ಈ ಅಪಾಯ ಹೊರಲಾರರು ಎಂಬುದು ಮೊದಲನೆಯದು. ಅದು ನಿಜವಾದ ಕಷ್ಟ. ಜಯನಗರದ ಒಂದು ಮಳಿಗೆಯಲ್ಲಿ ಇಬ್ಬರನ್ನಿಟ್ಟುಕೊಂಡು ವ್ಯಾಪಾರ ನಡೆಸುವವರಿಗೆ ಡಾಲರ್ ಐದು ರೂಪಾಯಿ ಏರಿದರೆ ಲಾಭವೆಲ್ಲ ಮಾಯ. ಆದರೆ ಅವರು ಹೊರಬೇಕಾಗಿಯೂ ಇಲ್ಲ. ಬಾಕಿಯ ದಿನಕ್ಕೆ ಬೇಕಾದ ಡಾಲರನ್ನು ಇಂದೇ ನಿಶ್ಚಿತ ದರಕ್ಕೆ ಕಾದಿರಿಸುವ ವ್ಯವಸ್ಥೆ ಬ್ಯಾಂಕುಗಳಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಒಂದು ವರ್ಷದ ಅವಧಿಗೆ ಅದರ ಹೆಚ್ಚುವರಿ ವೆಚ್ಚ ಸುಮಾರು ಶೇ 2ರ ಆಸುಪಾಸು. ಆರು ತಿಂಗಳಿಗೆ ಅದರ ಅರ್ಧ. ಸಣ್ಣವರಿಗೆ ಇದನ್ನು ಸಗಟಾಗಿ ಮಾಡಿಕೊಡುವ ಕೆಲಸವನ್ನು ಹಡಗು ಕಂಪನಿಗಳ ಭಾರತೀಯ ಪ್ರತಿನಿಧಿಗಳು, ಏಜೆಂಟರ ಸಂಘಗಳು ವಹಿಸಿಕೊಳ್ಳಬಹುದು. ಆ ವೆಚ್ಚ ಟಿಕೆಟಿನ ಬೆಲೆಗೆ ಸೇರುತ್ತದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. 3 ಲಕ್ಷ 40 ಸಾವಿರದ ಟಿಕೆಟ್ 3 ಲಕ್ಷ 44 ಸಾವಿರ ಆಗಬಹುದು. ಗೊತ್ತಿರುವ ಆ ನಾಲ್ಕು ಸಾವಿರ, ಎಷ್ಟೆಂದು ಯಾರಿಗೂ ಗೊತ್ತಿಲ್ಲದ ಹದಿನೈದು ಇಪ್ಪತ್ತು ಸಾವಿರಕ್ಕಿಂತ ಎಷ್ಟೋ ಮೇಲು. ಸಂಬಳದಲ್ಲಿ ತಿಂಗಳು ತಿಂಗಳು ಕೂಡಿಡುವವರಿಗೆ ಮೊತ್ತಕ್ಕಿಂತ ಮೊತ್ತದ ಖಚಿತತೆಯೇ ದೊಡ್ಡದು.

ರೂಪಾಯಿ ಬಲಗೊಂಡರೆ ಡಾಲರ್ ಬೆಲೆಯಿಂದ ಗ್ರಾಹಕನಿಗೇ ಲಾಭವಲ್ಲವೇ ಎಂಬುದು ಎರಡನೆಯ ಆಕ್ಷೇಪ. ತರ್ಕಕ್ಕೆ ಸರಿ, ಇತಿಹಾಸಕ್ಕೆ ಸರಿಯಿಲ್ಲ. 1991ರ ಜುಲೈನಲ್ಲಿ ಎರಡು ಹಂತದಲ್ಲಿ ಅಪಮೌಲ್ಯ ಮಾಡಿದ ಮೇಲೆ ಡಾಲರಿಗೆ ಸುಮಾರು 26 ರೂಪಾಯಿ ಇತ್ತು. 2013ರ ಆಗಸ್ಟಿನಲ್ಲಿ ಅದು 68 ಮುಟ್ಟಿತು, 2022ರ ಅಕ್ಟೋಬರಿನಲ್ಲಿ 83, ಮೂರು ವರ್ಷದ ಬಳಿಕ 90. ನಡುವೆ ರೂಪಾಯಿ ಚೇತರಿಸಿಕೊಂಡ ವರ್ಷಗಳೂ ಇವೆ. ಆದರೆ ನಮ್ಮ ಹಣದುಬ್ಬರ ದೀರ್ಘಕಾಲ ಅಮೆರಿಕದ್ದಕ್ಕಿಂತ ಹೆಚ್ಚಿದ್ದುದರಿಂದ ದಿಕ್ಕು ಒಂದೇ. ಅಂಥ ಪಂದ್ಯಕ್ಕೆ, ಅದು ಪಂದ್ಯ ಎಂದೂ ಹೇಳದೆ, ಜನರನ್ನು ಇಳಿಸುವುದು ಸರಿಯಲ್ಲ. ಪಂದ್ಯವಾಡುವ ಇಷ್ಟವಿದ್ದವರು ಡಾಲರ್ ಬೆಲೆಯನ್ನೇ ಆರಿಸಿಕೊಳ್ಳಲಿ. ಖಚಿತ ರೂಪಾಯಿ ಬೆಲೆಯ ಆಯ್ಕೆಯೂ ಅದರ ಪಕ್ಕದಲ್ಲಿರಲಿ.

ಮೂರನೆಯದು, ಇದು ಐಷಾರಾಮ, ಇದಕ್ಕೆ ಕಾನೂನು ಯಾಕೆ ಎಂಬ ಮಾತು. ಕ್ರೂಸ್ ಇಂದು ಕೋಟ್ಯಧಿಪತಿಗಳದ್ದಷ್ಟೇ ಆಗಿ ಉಳಿದಿಲ್ಲ. ನಿವೃತ್ತಿಯ ಹಣದಲ್ಲಿ ಒಮ್ಮೆ ಸಮುದ್ರ ನೋಡಬೇಕೆಂದು ಹೊರಡುವ ಶಿಕ್ಷಕ ದಂಪತಿ, ಕಂತಿನಲ್ಲಿ ಹಣ ಕಟ್ಟಿ ತಂದೆತಾಯಿಯನ್ನು ಕಳಿಸುವ ಮಕ್ಕಳು ಇದರ ಗ್ರಾಹಕರು. ಕೇಂದ್ರ ಸರ್ಕಾರವೇ 2024ರ ಸೆಪ್ಟೆಂಬರಿನಲ್ಲಿ ಕ್ರೂಸ್ ಭಾರತ್ ಮಿಷನ್ ಆರಂಭಿಸಿ, 2029ರ ಹೊತ್ತಿಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆ ಇಮ್ಮಡಿಯಾಗಬೇಕೆಂದಿದೆ. ಜನರನ್ನು ಹಡಗಿಗೆ ಕರೆಯುವ ಸರ್ಕಾರ ಅವರ ಕರಾರಿನ ನ್ಯಾಯವನ್ನೂ ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಖರ್ಚು ಅಗತ್ಯವೋ ಐಷಾರಾಮವೋ ಎಂಬುದರ ಮೇಲೆ ಕರಾರಿನ ನ್ಯಾಯ ನಿಂತಿಲ್ಲ. ಇಂದು ಹಡಗಿನ ಟಿಕೆಟಿಗೆ ಒಪ್ಪಿಕೊಂಡ ಪದ್ಧತಿಯನ್ನೇ ನಾಳೆ ವಿದೇಶದ ಚಿಕಿತ್ಸೆಗೆ, ಮಕ್ಕಳ ವಸತಿಯ ಬಾಡಿಗೆಗೆ, ಯಾತ್ರೆಗೆ ಒಪ್ಪಬೇಕಾಗುತ್ತದೆ.

ಆಗಬೇಕಾದದ್ದು ಏನು? ಭಾರತದಲ್ಲಿ ಮಾರುವ ಪ್ರತಿ ಕ್ರೂಸ್ ಪ್ಯಾಕೇಜಿಗೆ ಆ ದಿನದ ಒಟ್ಟು ರೂಪಾಯಿ ಬೆಲೆಯನ್ನು, ಕಡ್ಡಾಯ ಸೇವಾ ಶುಲ್ಕ ಸೇರಿಸಿ, ಒಂದೇ ಅಂಕಿಯಲ್ಲಿ ತೋರಿಸಬೇಕು. ವಿದೇಶಿ ಹಣದ ಭಾಗವಿದ್ದರೆ ಯಾವ ದರ, ಎಲ್ಲಿಯ ದರ ಎಂದು ಬರೆಯಬೇಕು. ಏರಿಕೆಗೆ ಮಿತಿ ಇರಬೇಕು, ಮಿತಿ ಮೀರಿದರೆ ಮುಂಗಡ ಪೂರ್ತಿ ಮರಳಬೇಕು, ದರ ಇಳಿದರೆ ಹಣ ಹಿಂದಕ್ಕೆ ಬರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರು ಎಂಬ ಪರಿಕಲ್ಪನೆಯನ್ನು ಒಪ್ಪಿಕೊಂಡಿದೆ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರವನ್ನೂ ಕಟ್ಟಿದೆ. ಅಡಿಪಾಯ ಸಿದ್ಧವಿದೆ, ಪ್ರವಾಸದ ಕರಾರುಗಳಿಗೆ ಅದನ್ನು ಅನ್ವಯಿಸುವ ನಿಯಮ ಬರಬೇಕು. ಅಲ್ಲಿಯವರೆಗೆ ಹೊರಡುವವರು ಮಾಡಿಕೊಳ್ಳಬಹುದಾದದ್ದೂ ಇದೆ: ಒಟ್ಟು ರೂಪಾಯಿ ಬೆಲೆಯನ್ನು ಬರಹದಲ್ಲಿ ಕೇಳಿ ಪಡೆಯುವುದು, ಸಾಧ್ಯವಾದರೆ ಸೇವಾ ಶುಲ್ಕವನ್ನೂ ಮುಂಚೆಯೇ ಕಟ್ಟಿಬಿಡುವುದು, ಫಾರೆಕ್ಸ್ ಕಾರ್ಡಿಗೆ ಕೆಲವು ತಿಂಗಳಿನಿಂದ ಕಂತಿನಲ್ಲಿ ಹಣ ತುಂಬುವುದು, ವಿದೇಶದ ಅಂಗಡಿಯಲ್ಲಿ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡವೆಂದು ಅಲ್ಲಿಯ ಹಣವನ್ನೇ ಆರಿಸುವುದು, ಖರ್ಚಿನ ಅಂದಾಜಿಗೆ ಶೇ 10 ಸೇರಿಸಿಟ್ಟುಕೊಳ್ಳುವುದು.

ಇವೆಲ್ಲ ಒಬ್ಬೊಬ್ಬರ ಜಾಣತನದ ಮಾತುಗಳು. ಜಾಣರಾಗಿರುವುದು ಪ್ರಯಾಣಿಕನ ಹೊಣೆಯಾದರೆ, ಬೆಲೆಯನ್ನು ಪೂರ್ತಿ ಹೇಳುವುದು ಮಾರುವವನ ಹೊಣೆ, ಹೇಳಿಸುವುದು ಸರ್ಕಾರದ ಹೊಣೆ. ರೂಪಾಯಿಯ ಮೌಲ್ಯವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟು ಮೂರು ದಶಕ ದಾಟಿತು. ಅದರ ಏರಿಳಿತದೊಡನೆ ಬದುಕುವುದನ್ನು ನಮ್ಮ ರಫ್ತುದಾರರು, ಬ್ಯಾಂಕುಗಳು, ವಿಮಾನ ಕಂಪನಿಗಳು ಕಲಿತಿವೆ. ಗ್ರಾಹಕನೊಡನೆ ಮಾಡಿಕೊಳ್ಳುವ ಕರಾರು ಇನ್ನೂ ಕಲಿಯಬೇಕಿದೆ. ಡಾಲರ್ 90 ದಾಟಿದ್ದು ಯಾರ ತಪ್ಪೂ ಇರಲಿಕ್ಕಿಲ್ಲ. ಅದರ ಭಾರವನ್ನು ಅತ್ಯಂತ ದುರ್ಬಲನ ಮೇಲೆ ಸದ್ದಿಲ್ಲದೆ ಇಳಿಸುವುದು ಮಾತ್ರ ಖಂಡಿತ ಯಾರೋ ಮಾಡಿದ ತೀರ್ಮಾನ. ಯಾರೋ ಮಾಡಿದ ತೀರ್ಮಾನವನ್ನು ನಾವು ಬದಲಾಯಿಸಬಹುದು, ಬದಲಾಯಿಸಿ ಎಂದು ಕೇಳಬಹುದು. ಮುಂದಿನ ಬಾರಿ ಏಜೆಂಟರ ಮೇಜಿನ ಮುಂದೆ ಕುಳಿತಾಗ "ಒಟ್ಟು ಎಷ್ಟು ರೂಪಾಯಿ, ಬರೆದು ಕೊಡಿ" ಎಂದು ಕೇಳುವುದರಿಂದ ಆ ಬದಲಾವಣೆಯನ್ನು ಆರಂಭಿಸೋಣ. ಸಾಕಷ್ಟು ಜನ ಕೇಳಿದಾಗ ಅದು ಒಬ್ಬರ ಬೇಡಿಕೆಯಾಗಿ ಉಳಿಯದೆ ವ್ಯಾಪಾರದ ನಿಯಮವಾಗುತ್ತದೆ.